ಮಂಡಲದ ಹಸಿರು ಬಾಗಿಲು

"ರೀ... ಶಾಲು! ಶಾಲು ಎತ್ತಿ!"

ಆ ಕೂಗಿಗೆ ಭವಿತಾ ಬೆಚ್ಚಿಬಿದ್ದಳು. ಬೆಚ್ಚಿದ್ದೇ ತಪ್ಪಾಯಿತು. ಫೋಟೊ ತೆಗೆಯಲು ಬಗ್ಗಿದ್ದವಳ ಹೆಗಲಿನಿಂದ ಶಾಲು ಜಾರಿ ಎದುರಿನ ಹಲಗೆಯ ಮೇಲೆ ಬಿತ್ತು. ಗಾಬರಿಯಲ್ಲಿ ಅವಳು ಸರಕ್ಕನೆ ಎಳೆದುಕೊಂಡಳು. ಶಾಲಿನ ಜೊತೆ ಒಂದು ಇಡೀ ಹಸಿರು ಬಾಗಿಲೇ ಅಳಿಸಿಹೋಯಿತು!

ಹಲಗೆಯ ಮೇಲಿದ್ದದ್ದು ಬಣ್ಣದ ಮರಳಿನಲ್ಲಿ ಬಿಡಿಸುತ್ತಿದ್ದ ಬೌದ್ಧ ಮಂಡಲ. ಬಿಡಿಸುತ್ತಿದ್ದ ಯುವಕ ಉಸಿರಿಗೂ ಮರಳು ಹಾರದಂತೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ. ಮುಖದಲ್ಲಿ ಕಾಣುತ್ತಿದ್ದುದು ಕಣ್ಣು ಮಾತ್ರ. ಆ ಕಣ್ಣು ಅವಳನ್ನು ನುಂಗುವ ಹಾಗೆ ನೋಡುತ್ತಿತ್ತು.

ಪ್ರೀತಿ ಹುಟ್ಟುವ ನೋಟ ಇದಲ್ಲ ಎನ್ನುತ್ತೀರಾ? ಸ್ವಲ್ಪ ತಾಳಿ.

"ಸಾರಿ... ನಾನು ಬೇಕೂಂತ ಮಾಡಿದ್ದಲ್ಲ..." ಭವಿತಾ ಶಾಲನ್ನು ಎದೆಗೆ ಒತ್ತಿಕೊಂಡಳು.

"ಎರಡು ದಿನದ ಕೆಲಸ! ಫೋಟೊ ತೆಗೀಲಿಕ್ಕೆ ಮೈಮೇಲೆ ಬೀಳ್ಬೇಕಾ ಮಾರಾಯ್ರೆ?"

ಹಲಗೆಯ ಆಚೆ ಬದಿಯಿಂದ ಕಿಲಕಿಲ ನಗು ಕೇಳಿಸಿತು. ಕೆಂಪು ಚೀವರ ಉಟ್ಟ ವಯಸ್ಸಾದ ಟಿಬೆಟನ್ ಭಿಕ್ಷು. ಬೈಲಕುಪ್ಪೆಯಿಂದ ಸುಳ್ಯಕ್ಕೆ ಮಂಡಲ ಬಿಡಿಸಲು ಬಂದಿದ್ದ ಗುರು. ಶಿಷ್ಯರು ಗೌರವದಿಂದ ಅವರನ್ನು ಗೆನ್-ಲಾ ಎನ್ನುತ್ತಿದ್ದರು.

"ಬಯ್ಯಬೇಡ ಹರ್ಷಿತ್. ಅಳಿಸೋದಕ್ಕೇ ತಾನೇ ನಾವು ಬಿಡಿಸ್ತಿರೋದು? ಈ ಹುಡುಗಿ ಸ್ವಲ್ಪ ಬೇಗ ಶುರು ಮಾಡಿದಳು, ಅಷ್ಟೆ!" ಎಂದು ಅವರು ಅಪ್ಪಟ ಮೈಸೂರು ಕಡೆಯ ಕನ್ನಡದಲ್ಲಿ ಹೇಳಿದರು. "ಎಲ್ಲಿ, ಕೈ ತೋರಿಸಮ್ಮ."

ಭವಿತಾ ಅಳುಕುತ್ತಾ ಕೈ ಚಾಚಿದಳು. ಬೆರಳ ತುದಿಗಳು ಕಂದುಗೆಂಪು.

"ಮದರಂಗಿ ಹಾಕುದು ನನ್ನ ಕೆಲಸ. ಮದುಮಗಳಿಗೆ. ಈಗ ಎಲ್ರೂ ಮಂಡಲ ಡಿಸೈನೇ ಬೇಕು ಅಂತಾರೆ, ಅದಕ್ಕೆ ನೋಡ್ಲಿಕ್ಕೆ ಬಂದೆ."

"ಹಾಗಾದರೆ ಈ ಕೈ ನಡುಗೋದಿಲ್ಲ. ಅಳಿಸಿದ ಬಾಗಿಲು ನೀನೇ ತುಂಬು. ಹರ್ಷಿತ್ ಹೇಳಿಕೊಡ್ತಾನೆ."

"ನಾನಾ?" ಎಂದಳು ಅವಳು.

"ಇವರಾ?" ಎಂದ ಅವನು.

ಇಬ್ಬರ ಮಾತೂ ಒಟ್ಟಿಗೇ ಬಿತ್ತು. ಗೆನ್-ಲಾ ಮತ್ತೆ ನಕ್ಕರು.

* * *

ಹರ್ಷಿತ್ ಸುಳ್ಯದ ಹತ್ತಿರದ ಪಂಜ ಊರಿನವನು. ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವನು ಒಮ್ಮೆ ಬೈಲಕುಪ್ಪೆಯ ದೇವಾಲಯಕ್ಕೆ ಬಣ್ಣ ಬಳಿಯಲು ಹೋಗಿ, ಅಲ್ಲಿನ ಮಂಡಲಗಳಿಗೆ ಮನಸೋತು ಗೆನ್-ಲಾ ಬಳಿಯೇ ಉಳಿದುಬಿಟ್ಟಿದ್ದ. ಭವಿತಾ ಮಂಡೆಕೋಲು ಊರಿನ ಬೋಜಪ್ಪನ ಮಗಳು. ಇಬ್ಬರ ಮನೆಮಾತೂ ಸುಳ್ಯ ಸೀಮೆಯ ಗೌಡರ ಅರೆಭಾಷೆಯೇ. ಆದರೂ ಗುರುಗಳ ಎದುರು ಕನ್ನಡದಲ್ಲೇ ಮಾತು, ಅದೂ 'ನೀವು' 'ತಾವು' ಎಂದು ಬಿಗುಮಾನದಲ್ಲಿ.

ಬಿಗುಮಾನ ಬಹಳ ಕಾಲ ಬಾಳಲಿಲ್ಲ.

ಉದ್ದನೆಯ ಲೋಹದ ಕೊಳವೆ, ಅದರ ಮೈಮೇಲೆ ಗೀರುಗಳು. ಒಳಗೆ ಮರಳು ತುಂಬಿ, ಇನ್ನೊಂದು ಕೊಳವೆಯಿಂದ ಗೀರುಗಳನ್ನು ಉಜ್ಜಿದರೆ ತುದಿಯಿಂದ ಮರಳು ನೂಲಿನಂತೆ ಇಳಿಯುತ್ತದೆ. ಭವಿತಾಳಿಗೆ ಮದರಂಗಿಯ ಕೋನ್ ಹಿಡಿದ ಹಾಗೇ ಆಯಿತು. ಮರುದಿನ ಮಧ್ಯಾಹ್ನಕ್ಕೇ ಅವಳ ಗೆರೆ ಹರ್ಷಿತನ ಗೆರೆಗೆ ಸಾಟಿಯಾಗಿತ್ತು.

'ಅರೆ, ಈ ಹುಡುಗಿ!' ಎಂದುಕೊಂಡ ಹರ್ಷಿತ್. ಬಾಯಿಗೆ ಬಟ್ಟೆ ಇದ್ದುದರಿಂದ ಅವನ ನಗು ಯಾರಿಗೂ ಕಾಣಲಿಲ್ಲ.

"ಗೋಡೆಯಲ್ಲಿ ಉಂಟಲ್ಲ, ಆ ಚಿತ್ರಗಳೆಲ್ಲ ಬೇರೆ ಬೇರೆ ಮಂಡಲವಾ?" ಭವಿತಾ ಕೇಳಿದಳು.

"ಹೌದು. ಆ ನೀಲಿಯದ್ದು ಔಷಧ ಬುದ್ಧನದ್ದು, ಕಾಯಿಲೆ ಗುಣ ಆಗ್ಲಿ ಅಂತ. ಪಕ್ಕದ್ದು ಅವಲೋಕಿತೇಶ್ವರನದ್ದು, ಕರುಣೆ ಹುಟ್ಲಿಕ್ಕೆ. ಆ ದೊಡ್ಡದು ಕಾಲಚಕ್ರ. ಅದರೊಳಗೆ ನೂರಾರು ದೇವತೆಗಳಿದ್ದಾರೆ."

"ನೋಡ್ಲಿಕ್ಕೆ ಎಲ್ಲ ಒಂದೇ ತರ ಚೌಕ, ವೃತ್ತ..."

"ಯಾಕಂದ್ರೆ ಎಲ್ಲವೂ ಮನೆ. ಮೇಲಿಂದ ನೋಡಿದ ಅರಮನೆಯ ನಕ್ಷೆ. ನಾಲ್ಕು ಬಾಗಿಲು, ನಡುವಲ್ಲಿ ಬುದ್ಧ. ಧ್ಯಾನ ಮಾಡುವವ ಮನಸ್ಸಲ್ಲೇ ಬಾಗಿಲು ದಾಟಿ ನಡುವಿಗೆ ಹೋಗುದು."

ಭವಿತಾ ಕೊಳವೆ ನಿಲ್ಲಿಸಿದಳು. "ಅಯ್ಯೋ! ಇಷ್ಟು ವರ್ಷ ನಾನು ಮದುಮಗಳ ಕೈಯಲ್ಲಿ ಮನೆ ಕಟ್ತಾ ಇದ್ದೆನಾ!"

ಹರ್ಷಿತ್ ಜೋರಾಗಿ ನಕ್ಕ.

"ಹಾಗಾದ್ರೆ ನನ್ನ ಹಸಿರು ಬಾಗಿಲಿಗೆ ಎಂತ ಅರ್ಥ?"

"ಅದು... ಬೇಡ ಬಿಡಿ."

"ಹೇಳಿ ಮಾರಾಯ್ರೆ!"

"ಇದು ಐದು ಬುದ್ಧರ ಮಂಡಲ. ಒಂದೊಂದು ಬಣ್ಣ ಮನಸ್ಸಿನ ಒಂದೊಂದು ವಿಷಕ್ಕೆ. ಪೂರ್ವದ ನೀಲಿ ಸಿಟ್ಟಿಗೆ. ಹಳದಿ ಅಹಂಕಾರಕ್ಕೆ, ಕೆಂಪು ಆಸೆಗೆ. ನಡುವಿನ ಬಿಳಿ ಅಜ್ಞಾನಕ್ಕೆ. ಹಸಿರು..." ಹರ್ಷಿತನ ಕಣ್ಣಲ್ಲಿ ತುಂಟತನ ಮಿನುಗಿತು. "ಹಸಿರು ಹೊಟ್ಟೆಕಿಚ್ಚಿಗೆ."

"ಛೀ! ನನಗೆ ಹೊಟ್ಟೆಕಿಚ್ಚು ಅಂದ್ರೆ ಎಂತ ಅಂತಲೇ ಗೊತ್ತಿಲ್ಲ!"

ಪಾಪ, ಆ ಮಾತು ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ.

"ಹರ್ಷಿ... ಎಳನೀರು ತಂದಿದ್ದೇನೆ, ಮೊದಲು ಕುಡಿ."

ಬಂದವಳು ತನ್ಮಯೀ. ಪುತ್ತೂರಿನಲ್ಲಿ ಯೋಗ ಕಲಿಸುವವಳು. ಸುಳ್ಯದ ಈ ಕಾರ್ಯಕ್ರಮ ಮಾಡಿಸುತ್ತಿದ್ದವಳೂ ಅವಳೇ. ಹತ್ತಿ ಸೀರೆ, ಕಿವಿಯಲ್ಲಿ ಸಣ್ಣ ಬೆಳ್ಳಿಯ ಓಲೆ, ನಡೆದರೆ ಸದ್ದೇ ಇಲ್ಲ. ಅವಳು ಹರ್ಷಿತನ ಪಕ್ಕ ಕುಳಿತು, ತನ್ನ ಸೆರಗಿನಿಂದ ಅವನ ಹಣೆ ಒರೆಸಿದಳು!

"ಬೆವರು ಬಿದ್ರೆ ಮರಳು ಹಾಳಾಗ್ತದೆ ಅಲ್ವಾ?" ಎಂದು ನಕ್ಕಳು.

'ಕರ್ಚೀಫು ಇಲ್ವಾ ಅವರ ಹತ್ರ? ಸೆರಗೇ ಬೇಕಾ? ಹರ್ಷಿ ಅಂತೆ ಹರ್ಷಿ! ಹೆಸರಿನ ಅರ್ಧ ನುಂಗಿ ಕರೆಯುವಷ್ಟು ಸಲಿಗೆ...'

"ಭವಿತಾ, ಗೆರೆ ದಪ್ಪ ಆಯ್ತು," ಎಂದ ಹರ್ಷಿತ್.

"ಕೊಳವೆ ಸರಿ ಇಲ್ಲ!"

ಹಲಗೆಯ ಆಚೆ ಗೆನ್-ಲಾ ಒಮ್ಮೆ ಭವಿತಾಳನ್ನೂ ಒಮ್ಮೆ ತನ್ಮಯೀಯನ್ನೂ ನೋಡಿದರು.

* * *

ಅಂದಿನಿಂದ ಭವಿತಾಳ ನೆಮ್ಮದಿ ಕೆಟ್ಟಿತು.

ತನ್ಮಯೀ ಹರ್ಷಿತನಿಗೆ ಊಟ ಬಡಿಸಿದರೆ ಇವಳಿಗೆ ಹಸಿವು ಸತ್ತುಹೋಗುತ್ತಿತ್ತು. ಅವರಿಬ್ಬರೂ ಸಭಾಭವನದ ಮೂಲೆಯಲ್ಲಿ ಮೆಲ್ಲಗೆ ಮಾತಾಡಿದರೆ ಇವಳ ಕಿವಿ ಮರಳು ಬಿಟ್ಟು ಅಲ್ಲಿಗೇ ಹೋಗುತ್ತಿತ್ತು. ಮನೆಗೆ ಬಂದರೆ ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ತನ್ಮಯೀಯ ಫೋಟೊಗಳು.

"ಅವಳನ್ನು ಅವಳ ಅಮ್ಮನೂ ಇಷ್ಟು ಹೊತ್ತು ನೋಡಿರ್ಲಿಕ್ಕಿಲ್ಲ," ಎಂದು ರಸೀನಾ ಗೇಲಿ ಮಾಡಿದಳು. ಪುತ್ತೂರು, ಕಡಬ, ಸುಳ್ಯದ ಮದುವೆಮನೆಗಳಿಗೆಲ್ಲ ಮದರಂಗಿ ಹಾಕಲು ಭವಿತಾಳ ಜೊತೆ ಹೋಗುವ ಗೆಳತಿ ಅವಳು. "ನಿನಗೆ ಅವ ಇಷ್ಟ ಅಂತ ಅವನಿಗೆ ಹೇಳಿದ್ಯಾ?"

"ಹೇಳಿ ಎಂತ ಮಾಡುದು? ಅವರ ಎದುರು ನಾನು ಯಾವ ಲೆಕ್ಕ?"

"ಹಾಗಾದ್ರೆ ಕೂತು ಉರಿ," ಎಂದಳು ರಸೀನಾ.

ಭವಿತಾ ಉರಿಯುತ್ತಲೇ ತನ್ನ ಎಡ ಅಂಗೈಗೆ ಮದರಂಗಿ ಹಾಕಿಕೊಂಡಳು. ಬೇರೆ ಯಾವ ಡಿಸೈನೂ ಕೈಗೆ ಬರಲಿಲ್ಲ. ಅದೇ ಬಾಗಿಲು. ತಾನು ಅಳಿಸಿದ, ತಾನೇ ತುಂಬಿದ ಬಾಗಿಲು.

ಮರುದಿನ ಹರ್ಷಿತ್ ಬಣ್ಣ ತರಲು ಹೊರಗೆ ಹೋಗಿದ್ದಾಗ ಅವಳು ಗೆನ್-ಲಾ ಹತ್ತಿರ ತಡೆಯಲಾರದೆ ಕೇಳಿಬಿಟ್ಟಳು.

"ಗೆನ್-ಲಾ, ಈ ಹೊಟ್ಟೆಕಿಚ್ಚನ್ನು ಬಿಡುದು ಹೇಗೆ?"

"ಬಿಡೋದ್ಯಾಕೆ? ಮಂಡಲದಲ್ಲಿ ನಾವು ಯಾವ ವಿಷವನ್ನೂ ಹೊರಗೆ ಎಸೆಯೋದಿಲ್ಲಮ್ಮ. ಬಾಗಿಲಲ್ಲೇ ಕೂರಿಸ್ತೀವಿ." ಅವರು ಹಸಿರು ಮರಳಿನ ಬಟ್ಟಲನ್ನು ಅವಳತ್ತ ಸರಿಸಿದರು. "ಹೊಟ್ಟೆಕಿಚ್ಚು ಪಡೋರನ್ನ ನೋಡಿದ್ದೀಯಾ? ಒಂದು ಕ್ಷಣ ಸುಮ್ಮನೆ ಕೂರೋದಿಲ್ಲ. ಎಷ್ಟು ಶಕ್ತಿ! ಆ ಶಕ್ತಿಯನ್ನ ಇನ್ನೊಬ್ಬರ ಕಡೆಯಿಂದ ನಿನ್ನ ಕೆಲಸದ ಕಡೆ ತಿರುಗಿಸು. ಈ ಬಾಗಿಲ ಬುದ್ಧ ಅಮೋಘಸಿದ್ಧಿ. ಮಾಡಬೇಕಾದ್ದನ್ನು ಮಾಡಿಮುಗಿಸೋ ಜ್ಞಾನ ಅವನದು. ಅವನ ಕೈ ನೋಡು, ಹೀಗೆ..." ಅವರು ಅಂಗೈ ಎತ್ತಿ ತೋರಿಸಿದರು. "ಹೆದರಬೇಡ ಅಂತ."

ಅಷ್ಟರಲ್ಲಿ ಹರ್ಷಿತ್ ಬಂದ. ಮಾತು ಅಲ್ಲಿಗೇ ನಿಂತಿತು.

ಅವನೂ ಅಂದು ಸರಿಯಾಗಿರಲಿಲ್ಲ. ತಡವರಿಸಿ ತಡವರಿಸಿ ಕೊನೆಗೆ ಹೇಳಿದ. "ನಾಳೆ ಮಂಡಲ ಅಳಿಸಿ ಆದ ಕೂಡಲೇ ನಾನು ಗೆನ್-ಲಾ ಒಟ್ಟಿಗೆ ಬೈಲಕುಪ್ಪೆಗೆ ಹೋಗುದು. ಅಲ್ಲಿಂದ ಹಿಮಾಚಲದ ಸ್ಪಿತಿಗೆ. ಹಳೆಯ ಮಠದ ಗೋಡೆಚಿತ್ರಗಳ ಕೆಲಸ. ಬರುವಾಗ ದೀಪಾವಳಿ ಆಗ್ತದೆ."

ಭವಿತಾ ಕೊಳವೆ ಕೆಳಗಿಟ್ಟಳು. ಅವನೇ ಮುಂದುವರಿಸಿದ.

"ನಾಳೆ ಎಲ್ಲ ಮುಗಿದ ಮೇಲೆ ಹೋಗ್ಬೇಡಿ, ಆಯ್ತಾ? ನಿಮ್ಮ ಹತ್ರ... ಒಂದು ಕೆಲಸ ಉಂಟು."

'ಎಂತ ಕೆಲಸ? ನನ್ನ ಹತ್ರ ಎಂತ ಕೆಲಸ?' ಆ ಒಂದು ಮಾತು ಹಿಡಿದುಕೊಂಡು ಅವಳು ಕನಸಿನ ಗೋಪುರವನ್ನೇ ಕಟ್ಟಿದಳು.

* * *

ಮಂಡಲ ಅಳಿಸುವ ದಿನ ಸಭಾಭವನ ತುಂಬಿತ್ತು.

ಗೆನ್-ಲಾ ಮಂತ್ರ ಹೇಳುತ್ತಾ ನಾಲ್ಕೂ ದಿಕ್ಕಿನಿಂದ ನಡುವಿನವರೆಗೆ ಗೆರೆ ಎಳೆದರು. ಹರ್ಷಿತ್ ಕುಂಚ ಹಿಡಿದು ಮರಳನ್ನು ನಡುವಿಗೆ ಗುಡಿಸಿದ. ನೀಲಿ, ಹಳದಿ, ಕೆಂಪು, ಹಸಿರು ಎಲ್ಲ ಸೇರಿ ಬೂದಿಬಣ್ಣದ ಒಂದು ಗುಪ್ಪೆಯಾಯಿತು. ಯಾರೋ "ಅಯ್ಯೋ" ಎಂದರು. ಭವಿತಾಳ ಕಣ್ಣು ತುಂಬಿತ್ತು.

ಹರ್ಷಿತ್ ಮೊದಲ ಹಿಡಿ ಮರಳನ್ನು ಹಳದಿ ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ. ಎದ್ದು ನಿಂತ. ಭವಿತಾ ತನಗರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬಂದಳು...

ಅವನು ಅವಳನ್ನು ದಾಟಿ ಹೋಗಿ ಆ ಪೊಟ್ಟಣವನ್ನು ತನ್ಮಯೀಯ ಕೈಯಲ್ಲಿಟ್ಟ. ತನ್ಮಯೀಯ ಕಣ್ಣಲ್ಲಿ ನೀರು!

ಭವಿತಾಳಿಗೆ ನೆಲವೇ ಕುಸಿದಂತಾಯಿತು. ಯಾಕೆಂದು ತಿಳಿಯಬೇಕಾದರೆ ಅವಳ ಮನೆಯ ರೂಢಿ ಗೊತ್ತಿರಬೇಕು.

ಮಂಡೆಕೋಲಿನ ಅವರ ಕುಟುಂಬದ ಮನೆಯಲ್ಲಿ ನಾಗನ ಸೇವೆಗೆ ಬಣ್ಣದ ಹುಡಿಯಲ್ಲಿ ಮಂಡಲ ಬರೆಸುತ್ತಿದ್ದರು. ಪೂಜೆಯಾಗಿ ಮಂಡಲ ಅಳಿಸಿದ ಮೇಲೆ ಆ ಹುಡಿಯೇ ಪ್ರಸಾದ. ಮೊದಲ ಚಿಟಿಕೆ ಮನೆಯ ಸೊಸೆಗೆ. ಅವಳ ಅಣ್ಣನ ಮದುವೆಯ ಸುದ್ದಿ ಇನ್ನೂ ಯಾರಿಗೂ ಗೊತ್ತಿಲ್ಲದಾಗ, ಅಪ್ಪ ಬೋಜಪ್ಪ ಆ ಚಿಟಿಕೆಯನ್ನು ಸೀದಾ ತಂದು ನೆಂಟರ ನಡುವೆ ನಿಂತಿದ್ದ ಒಬ್ಬ ಹುಡುಗಿಯ ಅಂಗೈಗೆ ಹಾಕಿದ್ದರು. ಬೇರೆ ಮಾತೇ ಬೇಕಾಗಲಿಲ್ಲ. ಅವಳೇ ಇಂದು ಭವಿತಾಳ ಅತ್ತಿಗೆ.

'ಮೊದಲ ಹಿಡಿ ಅವರಿಗೆ. ಹಾಗಾದ್ರೆ ಮುಗೀತು. ಮತ್ತೆ ನನ್ನ ಹತ್ರ ಎಂತ ಕೆಲಸ? ಮದುವೆಗೆ ಮದರಂಗಿ ಹಾಕ್ಲಿಕ್ಕಾ?'

ಅವಳು ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ಹೊರಟಳು. ಹಿಂದೆ ತಿರುಗಿ ನೋಡಿದ್ದರೆ ಉಳಿದ ಮರಳಿನ ಪೊಟ್ಟಣಗಳು ಒಬ್ಬೊಬ್ಬರ ಕೈಗೂ ಹೋಗುತ್ತಿದ್ದುದು ಕಾಣುತ್ತಿತ್ತು. ನೋಡಲಿಲ್ಲ.

* * *

ಪುತ್ತೂರಿನ ಆಚೆಯ ಕಬಕದ ಮದುವೆಮನೆಗೆ ಮದರಂಗಿ ಹಾಕಲು ರಸೀನಾ ಆಗಲೇ ಹೋಗಿದ್ದಳು. ಭವಿತಾ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದಳು. ಮೊಬೈಲು ಸ್ವಿಚ್ ಆಫ್. ಒಂದು ಕಾರು ಎದುರಿಗೇ ಬಂದು ನಿಂತಿತು.

"ಭವಿತಾ? ಹತ್ತು. ನಾನೂ ಪುತ್ತೂರಿಗೇ ಹೋಗುದು."

ತನ್ಮಯೀ! ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಹತ್ತಲೇಬೇಕಾಯಿತು.

ಕಾರು ಸುಳ್ಯ ದಾಟಿತು. ಸ್ಟೇರಿಂಗಿನ ಮುಂದೆ, ಗಾಜಿನ ಬುಡದಲ್ಲಿ ಆ ಹಳದಿ ಪೊಟ್ಟಣ ಬಿದ್ದಿತ್ತು. ಬಿಸಿಲಿನಲ್ಲಿ, ಪಾರ್ಕಿಂಗ್ ಚೀಟಿಗಳ ನಡುವೆ.

ಭವಿತಾಳಿಗೆ ತಡೆಯಲಾಗಲಿಲ್ಲ. "ಅದನ್ನು ಹಾಗೆ ಬಿಸಾಡುದಾ ಅಕ್ಕ? ಮೊದಲು ಕೊಟ್ಟದ್ದು ನಿಮಗೆ."

"ಹೌದು. ಕಾರ್ಯಕ್ರಮ ಮಾಡಿಸಿದವಳು ನಾನಲ್ವಾ? ಬಂದವರ ಪೈಕಿ ನನಗೆ ಮೊದಲು." ತನ್ಮಯೀ ನಗಲು ನೋಡಿದಳು, ಆಗಲಿಲ್ಲ. "ಬಂದವರ ಪೈಕಿ..."

"ಎಂತ ಅಕ್ಕ?"

"ನಿನ್ನೆ ನಾನು ಅವನ ಹತ್ರ ಕೇಳಿದೆ. ಮದುವೆ ಆಗ್ತೀಯಾ ಅಂತ. ಅವ ಇಲ್ಲ ಅಂದ. ಅವನ ಮನಸ್ಸು ಬೇರೆ ಕಡೆ ಉಂಟಂತೆ." ಅವಳ ದನಿ ಬಿರಿಯಿತು. "ಇವತ್ತು ಈ ಪೊಟ್ಟಣ ಕೈಗೆ ಬಂದಾಗಲೇ ಸರಿಯಾಗಿ ಅರ್ಥ ಆದದ್ದು. ಇದು ನೋಡ್ಲಿಕ್ಕೆ ಬಂದವರಿಗೆ ಕೊಡುದು, ಭವಿತಾ. ಮಂಡಲ ಬಿಡಿಸಿದವರಿಗೆ ಒಂದು ಕಾಳೂ ಇಲ್ಲ. ಅವರು ಉಳಿದ ಮರಳನ್ನು ಕೊಡದಲ್ಲಿ ಹೊತ್ತುಕೊಂಡು ಹೋಗಿ ಹೊಳೆಗೆ ಬಿಡ್ಬೇಕು. ಒಟ್ಟಿಗೆ."

ಭವಿತಾ ಪೊಟ್ಟಣದಿಂದ ಕಣ್ಣೆತ್ತಿ ತನ್ಮಯೀಯತ್ತ ತಿರುಗಿದಳು.

"ನೀನು ಬಿಡಿಸಿದವಳಲ್ವಾ? ಹೊಳೆಗೆ ಹೋಗಿದ್ದಿ ಅಂತ ನಾನು ಎಣಿಸಿದ್ದೆ. ಬಸ್‌ಸ್ಟ್ಯಾಂಡಲ್ಲಿ ಕಂಡಾಗ ನನಗೆ... ಸುಳ್ಳು ಯಾಕೆ ಹೇಳ್ಲಿ, ಒಂದು ಗಳಿಗೆ ಖುಷಿ ಆಯ್ತು. ನಿನ್ನನ್ನು ಪುತ್ತೂರಿಗೆ ಮುಟ್ಟಿಸಿದ್ರೆ ಅವ ಒಬ್ಬನೇ ಹೊರಟು ಹೋಗ್ತಾನೆ, ಅಲ್ವಾ?"

"ನಿಮಗೆ... ನನ್ನ ಮೇಲೆ ಹೊಟ್ಟೆಕಿಚ್ಚಾ?!"

"ಇಲ್ವಾ ಮತ್ತೆ? ಹಾಲ್ ಮಾಡಿಸಿದ್ದು ನಾನು, ಊಟ ಹಾಕಿಸಿದ್ದು ನಾನು. ನೀನು ಬಂದು ಶಾಲು ಎಳೆದು ಮಂಡಲ ಹಾಳು ಮಾಡಿದೆ. ಅವ ನಿನ್ನ ಪಕ್ಕದಲ್ಲೇ ಕೂತ! ನನಗೆ ಹೊಟ್ಟೆ ಉರೀಲಿಕ್ಕಿಲ್ವಾ ಮಾರಾಯ್ತಿ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಕಣ್ಣಲ್ಲೂ ನೀರು, ತುಟಿಯಲ್ಲಿ ತಡೆಯಲಾಗದ ನಗು.

ಜಾಲ್ಸೂರು ಬಂತು. ತನ್ಮಯೀ ರಸ್ತೆ ಬದಿಗೆ ಕಾರು ನಿಲ್ಲಿಸಿದಳು.

"ಎಂತ ಮಾಡುದು ಭವಿತಾ? ಪುತ್ತೂರಾ, ಹೊಳೆಯಾ?"

ಭವಿತಾ ಎಡ ಅಂಗೈಯನ್ನು ನೋಡಿಕೊಂಡಳು. 'ಹೆದರಬೇಡ' ಎಂದು ಎತ್ತಿದ ಗೆನ್-ಲಾ ಅವರ ಕೈ ನೆನಪಾಯಿತು.

"ಹೊಳೆಗೆ ಬಿಡಿ ಅಕ್ಕ. ಬೇಗ!"

* * *

ಬೇಸಿಗೆಯ ಪಯಸ್ವಿನಿ ಹೊಳೆಯಲ್ಲಿ ಮೊಣಕಾಲಷ್ಟೇ ನೀರು. ದಡದ ಬಂಡೆಯ ಮೇಲೆ ಗೆನ್-ಲಾ ಕುಳಿತು ಬಿಸ್ಕತ್ತು ತಿನ್ನುತ್ತಿದ್ದರು. ಹರ್ಷಿತ್ ಕೊಡ ಅಪ್ಪಿಕೊಂಡು ನಿಂತಿದ್ದ. ಸೂರ್ಯ ಆಗಲೇ ಮರಗಳ ಹಿಂದೆ ಇಳಿದಿದ್ದ.

"ಬಿಟ್ಟುಬಿಡಪ್ಪ, ಜೀಪಿನವನು ಬೈತಿದ್ದಾನೆ," ಎಂದರು ಗೆನ್-ಲಾ.

"ಇನ್ನೊಂದು ಚೂರು..."

"ಹರ್ಷಿತ್!"

ಅವನು ತಿರುಗಿದ. ಭವಿತಾ ಚಪ್ಪಲಿ ಕೈಯಲ್ಲಿ ಹಿಡಿದು ಕಲ್ಲುಗಳ ಮೇಲೆ ಓಡಿಬರುತ್ತಿದ್ದಳು. ತನ್ಮಯೀ ರಸ್ತೆಯಲ್ಲೇ ಉಳಿದಿದ್ದಳು. ಒಮ್ಮೆ ಕೈ ಎತ್ತಿ, ಕಾರು ತಿರುಗಿಸಿ ಹೊರಟುಹೋದಳು.

"ಎಲ್ಲಿಗೆ ಹೋದದ್ದು ನೀವು? ಎಷ್ಟು ಸಲ ಫೋನ್ ಮಾಡಿದೆ! ನಿಮ್ಮ ಹತ್ರ ಒಂದು ಮಾತು..."

"ನಾನು ಮೊದಲು ಹೇಳ್ತೇನೆ!" ಭವಿತಾ ಏದುಸಿರು ಬಿಡುತ್ತಿದ್ದಳು. "ನನಗೆ ನೀನು ಬೇಕು. ತನ್ಮಯೀ ಅಕ್ಕ ನಿನ್ನ ಹಣೆ ಒರೆಸಿದಾಗಲೇ ಗೊತ್ತಾಯ್ತು. ಗೆರೆ ದಪ್ಪ ಆದದ್ದು ಕೊಳವೆಯಿಂದಲ್ಲ. ಹೊಟ್ಟೆಕಿಚ್ಚಿನಿಂದ!"

ಅವಳ ಬಾಯಲ್ಲಿ ಮೊದಲ ಸಲ 'ನೀನು' ಬಂದಿತ್ತು.

"ನಿನಗೆ ಗೊತ್ತುಂಟಾ," ಹರ್ಷಿತ್ ಕೊಡವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ, "ಅಲ್ಲಿಂದ ಇಲ್ಲಿವರೆಗೆ ನಾನು ಬಾಯಿಪಾಠ ಮಾಡ್ತಾ ಇದ್ದದ್ದೂ ಅದನ್ನೇ. ನೀನು ಬೇಕು ಅಂತ."

ಗೆನ್-ಲಾ ಬಿಸ್ಕತ್ತಿನ ಪ್ಯಾಕೆಟ್ ಹಿಡಿದು ಮೆಲ್ಲಗೆ ಜೀಪಿನ ಕಡೆ ನಡೆದರು.

ಇಬ್ಬರೂ ನೀರಿಗಿಳಿದರು. ನಾಲ್ಕು ಕೈ ಸೇರಿ ಕೊಡ ಬಗ್ಗಿಸಿದವು. ಮರಳು ಸದ್ದಿಲ್ಲದೆ ಇಳಿದು ಹರಿದುಹೋಯಿತು. ಆಗಲೇ ಅವಳು ಮನೆಯ ರೂಢಿಯನ್ನು ಹೇಳಿದಳು. ಮೊದಲ ಚಿಟಿಕೆಯ ಕಥೆ, ತಾನು ಓಡಿಹೋದ ಕಾರಣ.

ಹರ್ಷಿತ್ ಕೊಡದ ತಳಕ್ಕೆ ಕೈ ಹಾಕಿದ. ಅಲ್ಲಿ ಅಂಟಿಕೊಂಡಿದ್ದ ಮರಳನ್ನು ಬೆರಳಲ್ಲಿ ಬಳಿದು ತೆಗೆದ.

"ಮೊದಲ ಚಿಟಿಕೆ ಹೋಯ್ತು. ಇದು ಕೊನೆಯದ್ದು. ನಡೀತದಾ?"

ಭವಿತಾ ಮಾತಾಡದೆ ಎಡ ಅಂಗೈ ಚಾಚಿದಳು. ಮರಳು ಹಾಕಲು ಹೋದವನು ತಡೆದು ನಿಂತ.

"ಇದು ನಿನ್ನ ಹಸಿರು ಬಾಗಿಲಲ್ವಾ? ಕೆಂಪಾಗಿದೆ!"

"ಮದರಂಗಿ ಹಾಕುವಾಗ ಹಸಿರೇ. ಕಾದ್ರೆ ಕೆಂಪಾಗ್ತದೆ."

ಅವನು ಆ ಕೆಂಪಿನ ನಡುವೆ ಚಿಟಿಕೆ ಮರಳಿಟ್ಟು, ಅವಳ ಬೆರಳುಗಳನ್ನು ಮಡಚಿ, ತನ್ನ ಕೈಯಲ್ಲಿ ಮುಚ್ಚಿ ಹಿಡಿದ. ಆಮೇಲೆ ಇಬ್ಬರೂ ಮುಷ್ಟಿಯನ್ನು ನೀರೊಳಗೆ ಇಳಿಸಿ ಬಿಡಿಸಿದರು. ಮಂಡಲ ಬಿಡಿಸಿದವರು ಏನನ್ನೂ ಇಟ್ಟುಕೊಳ್ಳಬಾರದಲ್ಲ?

ಮೇಲೆ ಜೀಪು ಹಾರ್ನ್ ಹೊಡೆಯಿತು.

"ದೀಪಾವಳಿಗೆ ಬಂದು ಸೀದಾ ನಿನ್ನ ಅಪ್ಪನ ಹತ್ರ ಮಾತಾಡ್ತೇನೆ. ಅಲ್ಲಿವರೆಗೆ ಕಾಯ್ತೀಯಾ?"

"ಕಾಯ್ತೇನೆ. ಹೊಟ್ಟೆಕಿಚ್ಚು ಪಡ್ತಾ ಕಾಯ್ತೇನೆ."

"ಇನ್ನು ಯಾರ ಮೇಲೆ ಮಾರಾಯ್ತಿ?"

ಭವಿತಾ ಅವನ ಹಣೆಯ ಬೆವರನ್ನು ಒರೆಸಿದಳು. ತನ್ನ ಶಾಲಿನಿಂದಲೇ.

"ಆ ಸ್ಪಿತಿಯ ಗೋಡೆಗಳ ಮೇಲೆ."